ಕಡಲಿಗೆ ಒಂದು ಮೈಲಿ ಮೊದಲೇ ಮುಗಿದ ಹೊಳೆ

ಮಾನ್ಯ ನಿವೇಶನಾಧಿಕಾರಿಗಳೇ,

ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಇರಲಿ. ನಾನು ಭೂಗೋಳದ ಮೊದಲ ವರ್ಷದ ವಿದ್ಯಾರ್ಥಿನಿ. ತಾಯಿ ಇಂಗ್ಲಿಷರು, ಓದಿದ್ದೆಲ್ಲ ಹಾಸ್ಟೆಲಿನಲ್ಲಿದ್ದು. ದೊಡ್ಡವರಿಗೆ ಹೇಗೆ ಬರೆಯಬೇಕೆಂದು ಸರಿಯಾಗಿ ತಿಳಿಯದು. ಆದರೆ ನಿಮ್ಮ ನಕ್ಷೆಯಲ್ಲಿ ನಮ್ಮ ಗುಬೈರಾ ಹೊಳೆ ಕಡಲಿಗೆ ಒಂದು ಮೈಲಿ ಮೊದಲೇ ಮುಗಿದುಹೋಗುತ್ತದೆ. ಆ ಖಾಲಿ ಮೈಲಿಯಲ್ಲಿ ನೀವು ಮನೆ ಕಟ್ಟಿಸಿದಿರಿ. ಅಲ್ಲೇ ನನ್ನ ಸೋದರತ್ತೆ ರಯ್ಯಾ ಸತ್ತರು.

ಆ ತಪ್ಪಿನಲ್ಲಿ ನನ್ನದೂ ಪಾಲಿದೆ. ಮೂರು ವರ್ಷದ ಹಿಂದೆ ನಕ್ಷೆಗಾಗಿ ಊರಿನ ವಿವರ ಕೇಳುವ ನಿಮ್ಮ ಇಂಗ್ಲಿಷ್ ನಮೂನೆ ಬಂದಾಗ ಅಮ್ಮ ಊರಲ್ಲಿರಲಿಲ್ಲ; ಅದನ್ನು ಓದಬಲ್ಲವಳು ನಾನೊಬ್ಬಳೇ. "ಹೊಳೆ ಕಡಲು ಸೇರತ್ತಾ ಅಜ್ಜ?" ಅಂದೆ. ಅಜ್ಜ ಸುವೈದಾನ್ ಬಲೆ ಹೊಲಿಯುತ್ತಲೇ, "ಬಂದಾಗ ಸೇರತ್ತೆ. ಇಲ್ಲಾಂದ್ರೆ ಎಲ್ಲಿಗೆ ಹೋಗತ್ತೆ, ನಿನ್ನ ಹಾಸ್ಟೆಲಿಗಾ?" ಅಂದರು. ನಮೂನೆಯ ಆ ಏಳನೇ ಪ್ರಶ್ನೆಗೆ ಇದ್ದದ್ದು ಎರಡೇ ಚೌಕ: ಹೌದು, ಇಲ್ಲ. 'ಬಂದಾಗ' ಎಂಬ ಚೌಕವಿರಲಿಲ್ಲ. ನಾನು ಊರಿಗೆ ಬರುತ್ತಿದ್ದದ್ದು ಬೇಸಿಗೆ ರಜೆಗೆ, ಉಳಿದಂತೆ ಒಣಗಿರುವ ಹೊಳೆ ಮಳೆಯೊಂದಿಗೆ ಬರುತ್ತಿದ್ದದ್ದು ಚಳಿಗಾಲದಲ್ಲಿ. ಒಮ್ಮೆಯೂ ನಮ್ಮ ಭೇಟಿಯಾಗಿರಲಿಲ್ಲ. 'ಇಲ್ಲ'ಕ್ಕೆ ಗುರುತು ಹಾಕಿದೆ. ಹದಿನೈದರ ಹುಡುಗಿಯ ಒಂದು ಗುರುತು ನಿಮಗೆ ಸಾಕಾಯಿತೇ? ಹದಿನೆಂಟೇ ಮೈಲಿಯ ಹೊಳೆಯನ್ನು ನಡೆದು ನೋಡಲು ಇಡೀ ಕಚೇರಿಯಲ್ಲಿ ಯಾರಿಗೂ ಕಾಲಿರಲಿಲ್ಲವೇ?

ಬೆಟ್ಟದ ಮೇಲೆ ಮೋಡ ಕೂತರೆ ನಮ್ಮ ಮೀನುಗಾರರು ಬಲೆ ಬಿಟ್ಟು ಸಲಿಕೆ ಹಿಡಿಯುತ್ತಾರೆ. ಹೊಳೆ ಕಡಲು ಸೇರುವ ಅಳಿವೆಗೆ ಅಲೆಗಳು ಅಡ್ಡ ಒಟ್ಟಿದ ಮರಳ ದಿಣ್ಣೆ ಕಡಿದು ಹೊಳೆಗೆ ದಾರಿ ಮಾಡುತ್ತಾರೆ. ನಿಮ್ಮ ನಿಯಮದಲ್ಲಿ ಈಗ ಅದು 'ಕಡಲತೀರಕ್ಕೆ ಹಾನಿ'. ಕಳೆದ ಜನವರಿಯಲ್ಲಿ ನಿಮ್ಮ ಕಾವಲುಗಾರ ಅಡ್ಡ ನಿಂತ.

"ಕಾಕಾ, ಅನುಮತಿ ಪತ್ರ ಎಲ್ಲಿ?"

"ಮೇಲೆ ನೋಡು ಮಗಾ. ಕಪ್ಪಗೆ ಬರ್ತಾ ಇದೆಯಲ್ಲ, ಅದೇ," ಅಂದರು ಅಜ್ಜ.

"ತಮಾಷೆ ಬೇಡ ಕಾಕಾ, ನನ್ನ ಕೆಲಸ ಹೋಗತ್ತೆ. ನಡೀರಿ."

ಇಪ್ಪತ್ತು ಜನವೂ ಸಲಿಕೆ ಹೊತ್ತು ಹಿಂದಕ್ಕೆ ನಡೆದರು. ಮಧ್ಯಾಹ್ನ ಹೊಳೆ ಬಂತು, ದಿಣ್ಣೆಗೆ ಬಡಿದು ಮನೆಗಳತ್ತ ತಿರುಗಿತು. ನಿಮ್ಮ ಒಂಬತ್ತನೇ ನಿವೇಶನದಲ್ಲಿ ರಯ್ಯಾ ಅತ್ತೆ ಅಡುಗೆಮನೆ ಬಾಗಿಲ ಒಳಬದಿಗೆ ಸಿಕ್ಕರು, ಕೈ ಚಿಲಕದ ಮೇಲಿತ್ತು. ನಿಮ್ಮ ವರದಿ ಇದನ್ನು 'ಅನಿರೀಕ್ಷಿತ' ಎಂದಿದೆ. ಸಲಿಕೆ ಹಿಡಿದು ನಿಂತಿದ್ದ ಇಪ್ಪತ್ತು ಜನ ಏನನ್ನು ನಿರೀಕ್ಷಿಸುತ್ತಿದ್ದರು ಸ್ವಾಮಿ?

ಈಗ ಅದೇ ನಿವೇಶನಗಳಿಗೆ ಮತ್ತೆ ಅರ್ಜಿ ಕರೆದಿದ್ದೀರಿ. ಅಲೆಗಳೂ ಅಳಿವೆಯನ್ನು ಮತ್ತೆ ಮುಚ್ಚಿವೆ. ಆ ಪ್ರಕಟಣೆ ಹಿಂತೆಗೆದುಕೊಳ್ಳಿ, ನಕ್ಷೆಯಲ್ಲಿ ಹೊಳೆಯನ್ನು ಕಡಲವರೆಗೆ ಎಳೆಯಿರಿ, ದಿಣ್ಣೆ ಕಡಿಯಲು ಬಿಡಿ. ನಾನು ಹಾಕಿದ ಗುರುತು ತಪ್ಪು ಎಂದು ಈ ಪತ್ರದಲ್ಲಿ ಒಪ್ಪಿಕೊಂಡಿದ್ದೇನೆ. ಅಜ್ಜನಿಗೆ ಓದು ಬಾರದು. ಈ ಪತ್ರವನ್ನು ಅವರಿಗೆ ಓದಿ ಹೇಳಬೇಕಾದವಳೂ ನಾನೇ.

ನಿನ್ನೆಯಿಂದ ಬೆಟ್ಟದ ಮೇಲೆ ಮೋಡ ಕೂತಿದೆ, ಅಜ್ಜ ಸಲಿಕೆ ಹೊರತೆಗೆದಿದ್ದಾರೆ. ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ನಿಮ್ಮ ಏಳನೇ ಪ್ರಶ್ನೆಗೆ 'ಇಲ್ಲ' ಎಂದವಳು,
ಅಸೀಲಾ