ಗೋಡೆ ಕೊರೆಯದ ಇಂಟರ್‌ನೆಟ್

ಮಂಡಿ ಮೊಹಲ್ಲಾ, ಮೈಸೂರು
೧೬ ಜುಲೈ ೨೦೨೫

ಪ್ರೀತಿಯ ರಂಜು,

ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳಹೊರಟರೆ ಅತ್ತುಬಿಡುತ್ತೇನೆ. ಮುಖ್ಯೋಪಾಧ್ಯಾಯಿನಿ ಅಳುವುದಕ್ಕೆ ಇಲಾಖೆಯ ಅನುಮತಿ ಇದ್ದಂತಿಲ್ಲ.

ನಾವಿಬ್ಬರೂ ಅಕ್ಷರ ಕಲಿತ ಈ ಶಾಲೆಗೆ ದಾನಿಯೊಬ್ಬರು ಕಂಪ್ಯೂಟರುಗಳನ್ನು ಕೊಟ್ಟರು. ಅವನ್ನು ಜೋಡಿಸಲು ಕೇಬಲ್ಲೋ ವೈಫೈಯೋ ಎಂದು ತೀರ್ಮಾನಿಸುವ ಘನ ಸಮಿತಿಗೆ ನಾನೇ ಅಧ್ಯಕ್ಷೆ. ಅರ್ಹತೆ: ಮನೆಯ ಮಿಕ್ಸಿಯ ಪ್ಲಗ್ ಹಾಕುವವಳು ನಾನೇ. ಆಡಳಿತ ಮಂಡಳಿಯ ಪುಟ್ಟಣ್ಣನವರು, "ಕೇಬಲ್ಲೇ ಗಟ್ಟಿ ಕಣಮ್ಮ, ಗಾಳೀಲಿ ಬರೋದನ್ನ ಯಾವನು ನಂಬ್ತಾನೆ?" ಎಂದರು. ನೆಟ್‌ವರ್ಕ್ ಕಂಪನಿಯ ಹರೀಶ್ ಕೂಡ ಹೂಂಗುಟ್ಟಿ, ಶಾಲೆ ಬಿಟ್ಟ ಮೇಲೆ ನನ್ನೆದುರು ಏಳನೇ ತರಗತಿಯ ಗೋಡೆಗೆ ಡ್ರಿಲ್ ಇಟ್ಟರು.

ಅದು ಹಿಡಿಯವರೆಗೂ ಸಲೀಸಾಗಿ ಇಳಿಯಿತು. ಈಚೆಗೆಳೆದರೆ ಒಣಮಣ್ಣು ಸುರಿಯಿತು, ಸುರಿಯುತ್ತಲೇ ಇತ್ತು. ಮೇಲೆ ತೊಲೆ ಕಿರ್ ಎಂದಿತು.

"ಮೇಡಂ, ಒಳಗೇನೂ ಇಲ್ಲ. ಬರೀ ಸುಣ್ಣ ನಿಂತ್ಬುಟ್ಟಿದೆ," ಎಂದರು ಹರೀಶ್.

ಊರಿಗೆ ತಿಳಿದರೆ ಶಾಲೆಗೆ ಬೀಗ. ಹರೀಶರಿಗೆ ಕೈಮುಗಿದು ಬಾಯಿ ಮುಚ್ಚಿಸಿದೆ. ತೂತಿನ ಮೇಲೆ ಕರ್ನಾಟಕದ ನಕ್ಷೆ ನೇತುಹಾಕಿದೆ. ಸಮಿತಿಯೆದುರು ಎದ್ದುನಿಂತು, "ಇದು ಹೊಸ ಕಾಲ ಕಣ್ರೀ, ವೈಫೈ! ಅದಕ್ಕೆ ಗೋಡೆ ಅಡ್ಡ ಇಲ್ಲ, ಕೊರೆಯೋದೇ ಬೇಡ!" ಎಂದೆ. "ಏನ್ ಮುಂದುವರಿದ್ಬುಟ್ರಿ ಮೇಡಂ!" ಎಂದು ಪುಟ್ಟಣ್ಣನವರು ಶಾಲು ಹೊದಿಸಿದರು. ಶಾಲು ಹೊದ್ದೇ ಹೋಗಿ ನಕ್ಷೆ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿಬಂದೆ.

ಏಳನೆಯವರನ್ನು 'ಪ್ರಕೃತಿ ಶಿಕ್ಷಣ' ಎಂಬ ಭಾರೀ ಹೆಸರಿಟ್ಟು ಹೊಂಗೆ ಮರದಡಿಗೆ ಸಾಗಿಸಿದೆ. ಆದರೂ ಮಂಡಿಗೆ ಲಾರಿ ಬಂದಾಗಲೆಲ್ಲ ಗೋಡೆ ಅದುರಿತೇ ಎಂದು ಓಡಿಹೋಗಿ ನೋಡುತ್ತಿದ್ದೆ.

ಇವತ್ತು ಆರನೇ ತರಗತಿಯ ಸಮರ್ಥ ಓಡಿಬಂದ. "ಮಿಸ್, ನಮ್ ಗೋಡೆ ಮಣ್ಣು ಉಗೀತಾ ಐತೆ!"

ಗೋಡೆಗೆ ಆಚೆ ಬದಿಯೂ ಇರುತ್ತದೆಂದು ಘನ ಅಧ್ಯಕ್ಷೆಗೆ ಹೊಳೆದೇ ಇರಲಿಲ್ಲ, ರಂಜು. ಅಲ್ಲಿ ಆರನೆಯ ಮಕ್ಕಳು ಅದಕ್ಕೊರಗಿ ಕೂತಿದ್ದರು. ಲಾಂಗ್ ಬೆಲ್ ನಾನೇ ಹೊಡೆದೆ. ರಜೆಯೆಂದು ಕುಣಿಯುತ್ತಾ ಎಲ್ಲರೂ ಹೊರಬಂದರು. ಕೊನೆಯ ಮಗು ಮೆಟ್ಟಿಲಿಳಿಯುವವರೆಗೂ ಬಾಗಿಲಲ್ಲೇ ನಿಂತು ಎಣಿಸಿದೆ. ಆಮೇಲೆ ಪುಟ್ಟಣ್ಣನವರಿಗೆ ಎಲ್ಲ ಹೇಳಿದೆ. ಅವರು ಬೀಗ ತರಿಸಿದರು.

ನಿನ್ನ ಮೊಮ್ಮಗುವಿಗೆ ನನ್ನ ಆಶೀರ್ವಾದ. ಶಾಲೆಗೆ ಸೇರಿಸುವ ಮುನ್ನ ಅಲ್ಲಿನ ಗೋಡೆಯನ್ನೊಮ್ಮೆ ತಟ್ಟಿ ನೋಡು.

ನಿನ್ನ
ಚೂಡಾಮಣಿ

ಮತ್ತೆ: ಶಾಲೆಗೆ ಇಂಟರ್‌ನೆಟ್ ಬೇಕೆಂದು ಮೊದಲು ಹಟ ಹಿಡಿದವಳು ಏಳನೆಯ ಮಂಜುಶ್ರೀ. ಬೀಗ ಬಿದ್ದ ಗೇಟಿನಲ್ಲಿ ಅವಳಪ್ಪ, "ದೂರದ ಸ್ಕೂಲಿಗೆಲ್ಲ ಕಳ್ಸಕ್ಕಾಗಲ್ಲ ಮೇಡಂ, ಮನೇಲಿರ್ಲಿ ಬುಡಿ" ಎಂದರು. ಅವಳು ಅಳಲಿಲ್ಲ. ನನ್ನ ಸೆರಗು ಹಿಡಿದು ಕೇಳಿದಳು: "ವೈಫೈಗೆ ಗೋಡೆ ಅಡ್ಡ ಇಲ್ಲ ಅಂದ್ರಲ್ಲ ಮಿಸ್, ನಮ್ಮನೇವರ್ಗೂ ಬರುತ್ತಾ?"