ಸಮುದ್ರ ನೋಡಿ ಬಂದ ಮೇಲೆ

ಚೆನ್ನೈ
೧೭ ನವೆಂಬರ್ ೨೦೨೪

ಪ್ರೀತಿಯ ತಂಗಿ ಸಂಗೀತಾ,

ಸೊಂಟದ ಆಪರೇಷನ್ ಆದ ಮೇಲೆ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಿದ್ದೀಯೆಂದು ನಿನ್ನ ಯಜಮಾನರು ಹೇಳಿದರು. ಕೇಳಿ ಜೀವಕ್ಕೆ ಸಮಾಧಾನವಾಯಿತು. ನೀನು ಫೋನ್ ಮಾಡಿದಾಗಲೆಲ್ಲ ಎರಡು ಮಾತಾಡಿ ಇಟ್ಟುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಧ್ವನಿ ಕೇಳಿದರೆ ಅಳು ಬರುತ್ತದೆ, ಮಾತು ಬರುವುದಿಲ್ಲ. ನಿನ್ನ ಭಾವನ ಮುಖ ಕೊನೆಯ ಸಲ ನೋಡಲಾಗಲಿಲ್ಲವೆಂದು ಕೊರಗುತ್ತಿದ್ದೀಯಂತೆ. ಅದಕ್ಕೇ ಇವತ್ತು ಗಟ್ಟಿ ಮನಸ್ಸು ಮಾಡಿ ಬರೆಯಲು ಕೂತೆ. ಮಣ್ಣಿಗೆ ಬಂದವರೂ ಮುಖ ನೋಡಲಿಲ್ಲ ಕಣೆ.

ಮೊದಲಿಂದ ಹೇಳುತ್ತೇನೆ. ಗ್ರೀಸ್ ದೇಶದ ಹಾಲ್ಕಿಡಿಕಿ ಎಂಬ ಸೀಮೆ ಸಮುದ್ರಕ್ಕೆ ಮೂರು ಬೆರಳು ಚಾಚಿದ ಹಾಗಿದೆ. ನಡುಬೆರಳಿನ ದಡದಲ್ಲಿ ನೆಯೋಸ್ ಮರ್ಮರಾಸ್ ಎಂಬ ಊರು. ಅಲ್ಲಿ ಎಲೆನಿ ಎಂಬ ಗಂಡ ಸತ್ತ ಹೆಂಗಸು ತನ್ನ ಮನೆಯ ಮಹಡಿಯನ್ನು ಪ್ರವಾಸಿಗಳಿಗೆ ಕೊಡುತ್ತಾಳೆ. ನಾವು ಇಳಿದದ್ದು ಅಲ್ಲೇ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತರಹ ಕುಂಟುತ್ತಿದ್ದವು, ಹಾಗಾಗಿ ಚೆನ್ನಾಗಿ ಹೊಂದಿಕೊಂಡೆವು. ನಾವು ಮೀನು ಮಾಂಸ ಮುಟ್ಟುವುದಿಲ್ಲವೆಂದು ಬದನೆಕಾಯಿ ಸುಟ್ಟು, ದೊಡ್ಡ ಕಾಳುಗಳನ್ನು ಟೊಮೇಟೊದಲ್ಲಿ ಬೇಯಿಸಿ ಇಡುತ್ತಿದ್ದಳು. "ನಮ್ಮವ್ವನ ಎಣ್ಣೆಗಾಯಿ ಮುಂದೆ ಇದೆಲ್ಲ ಏನೂ ಅಲ್ಲ ಬಿಡು" ಎನ್ನುತ್ತಲೇ ನಿನ್ನ ಭಾವ ತಟ್ಟೆ ಒರೆಸಿ ತಿನ್ನುತ್ತಿದ್ದರು.

ದಿನಕ್ಕೊಂದು ಕಡೆ ಹೋದೆವು. ಒಂದು ದಿನ ಅಥೋಸ್ ಬೆಟ್ಟದ ದಡದುದ್ದಕ್ಕೂ ಹಡಗಿನಲ್ಲಿ. ಅಲ್ಲಿ ಬರೀ ಸನ್ಯಾಸಿಗಳ ಮಠಗಳು, ಹೆಂಗಸರು ಕಾಲಿಡುವ ಹಾಗಿಲ್ಲ. ಹೆಂಗಸರು ಕೂತ ಹಡಗೂ ದಡದಿಂದ ದೂರದಲ್ಲೇ ಹೋಗಬೇಕಂತೆ. "ನೀನಿಲ್ದಿದ್ರೆ ಇನ್ನೂ ಹತ್ರ ಹೋಗಿ ನೋಡಬಹುದಿತ್ತು" ಎಂದು ನಕ್ಕರು. ಇನ್ನೊಂದು ದಿನ ಅಫಿತೋಸ್ ಎಂಬ ಕಲ್ಲುಮನೆಗಳ ಊರು. ಅಲ್ಲೊಂದು ಅಂಗಡಿಯಲ್ಲಿ ಮೇಜಿನ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಏನೇ ಇದು, ನಮ್ಮ ಕರೂರಿನ ಮಾಲು! ಇಷ್ಟು ದೂರ ತಂದು ಇದನ್ನೇ ಮಾರ್ತಾರಲ್ಲ" ಎಂದರು. ಸೌಕಾರ್‌ಪೇಟೆಯ ಬಟ್ಟೆ ಅಂಗಡಿ ಬಿಟ್ಟು ಬಂದರೂ ಬೆರಳು ಬಿಡಬೇಕಲ್ಲ.

ಮರುದಿನ ಎಲೆನಿ ತನ್ನ ಕಾರಿನಲ್ಲಿ ಪಾರ್ಥೆನೋನಾಸ್ ಎಂಬ ಹಳ್ಳಿಗೆ ಕರೆದುಕೊಂಡು ಹೋದಳು. ಅದು ಬೆಟ್ಟದ ಮೇಲಿದೆ. ಜನವೆಲ್ಲ ಎಂದೋ ಕೆಳಗೆ ಸಮುದ್ರದ ದಡಕ್ಕೆ ಇಳಿದು ಬಂದು ಹಳ್ಳಿ ಖಾಲಿಯಾಗಿತ್ತಂತೆ, ಈಗ ಕೆಲವು ಮನೆಗಳನ್ನು ರಿಪೇರಿ ಮಾಡಿಸಿದ್ದಾರೆ. ಕಲ್ಲು ಹಾಸಿದ ಏರುದಾರಿ. ನಿನ್ನ ಭಾವ ಮುಂದೆ ನಡೆದರು. ಆ ಹಳ್ಳಿಯವರ ದೇವಸ್ಥಾನದ ಮುಂದಿನ ಗೋಡೆಯ ಮೇಲೆ ಕೂತು, "ಉಮಾ, ಬೇಗ ಬಾರೆ, ಗಾಳಿ ನೋಡು" ಎಂದು ಕೂಗಿದರು. ನಾನು ಹತ್ತಿ ಹೋಗುವಷ್ಟರಲ್ಲಿ ಪಕ್ಕದ ಮರಕ್ಕೆ ಒರಗಿದ್ದರು. ಸುಸ್ತಾಗಿದೆ, ನೀರು ಕೇಳುತ್ತಾರೆಂದು ಬಾಟಲಿಯ ಮುಚ್ಚಳ ತೆಗೆದೆ. ಎಲೆನಿ ಅವರ ಮುಖ ನೋಡಿ ಚೀರಿದ ಮೇಲೆ ನನಗೆ ಗೊತ್ತಾಯಿತು. ಆಂಬುಲೆನ್ಸ್ ಬಂತು, ಆಸ್ಪತ್ರೆಗೂ ಹೋದೆವು. ಏನೂ ಉಳಿದಿರಲಿಲ್ಲ.

ಮಗ ಶಿವರಂಜನ್ ಹೊರಟು ಬರುತ್ತೇನೆಂದ, ವೀಸಾ ಸಿಗಲಿಲ್ಲ. ಕಾಗದಪತ್ರ ಮುಗಿಯುವವರೆಗೆ ಅವರು ಶೀತಲ ಕೋಣೆಯಲ್ಲಿ, ನಾನು ಎಲೆನಿಯ ಮಹಡಿಯಲ್ಲಿ. ಇಡ್ಲಿಯ ಹೆಸರು ಕೇಳಿರದ ಆ ಹೆಂಗಸು ಮೂರು ಹೊತ್ತೂ ನನ್ನೆದುರು ಕೂತು ಊಟ ಮಾಡಿಸಿದಳು. "ನಮ್ಮ ಸ್ಮಶಾನದಲ್ಲೇ ಮಣ್ಣು ಮಾಡು. ನನ್ನ ಗಂಡನಿಗೆ ದೀಪ ಹಚ್ಚುವಾಗ ಅವರಿಗೂ ಹಚ್ಚುತ್ತೇನೆ" ಎಂದಳು. ಅಲ್ಲಿಯವರೂ ನಮ್ಮ ಹಾಗೆ ಹೂಳುವವರು. ನನಗೂ ಆ ಪೆಟ್ಟಿಗೆ, ವಿಮಾನ ಎಲ್ಲ ಬೇಡವೆನ್ನಿಸಿತ್ತು. ಹೂಂ ಎನ್ನುವುದರಲ್ಲಿದ್ದೆ. ಆಗ ಅವಳೇ ಹೇಳಿದಳು: ಅಲ್ಲಿ ಜಾಗ ಕಡಿಮೆ, ಮೂರು ವರ್ಷವಾದ ಮೇಲೆ ಅಗೆದು ಮೂಳೆ ತೆಗೆದು, ದ್ರಾಕ್ಷಾರಸದಲ್ಲಿ ತೊಳೆದು, ಡಬ್ಬಿಯಲ್ಲಿ ಇಡುತ್ತಾರಂತೆ. ತನ್ನ ಗಂಡನ ಮೂಳೆಗಳನ್ನೂ ಅವಳೇ ತೊಳೆದಳಂತೆ.

"ನಮ್ಮಲ್ಲಿ ಒಮ್ಮೆ ಮಣ್ಣಿಗೆ ಕೊಟ್ಟರೆ ಮತ್ತೆ ಎಬ್ಬಿಸುವುದಿಲ್ಲ" ಎಂದೆ.

ಅವಳು ನನ್ನ ಕೈ ಹಿಡಿದುಕೊಂಡು, "ಹಾಗಾದರೆ ಮನೆಗೆ ಕರೆದುಕೊಂಡು ಹೋಗು" ಎಂದಳು.

ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಸರಕು ಬರುವ ಬಾಗಿಲಲ್ಲಿ ಅವರು ಬಂದರು. ಒಳಗೆ ತಗಡು ಹಾಕಿ ಬೆಸುಗೆ ಮಾಡಿದ ಪೆಟ್ಟಿಗೆ. ತೆರೆಯಬಾರದೆಂದು ಅಪ್ಪಣೆ. ಶಿವರಂಜನ್ ಯಾವಾಗಿನ ಹಾಗೆ ತಮಿಳಿನಲ್ಲೇ, "ನೀ ವೀಟ್ಟುಕ್ಕು ಪೋಮ್ಮಾ, ನಾನ್ ಪಾತ್ತುಕ್ಕರೇನ್" ಎಂದ. ಎಲ್ಲ ತಾನೇ ನೋಡಿಕೊಳ್ಳುತ್ತಾನಂತೆ, ನಾನು ಮನೆಗೆ ಹೋಗಬೇಕಂತೆ. ಅಷ್ಟು ದೂರದಿಂದ ಜೊತೆಯಲ್ಲಿ ಬಂದವಳು ಈಗ ಬಿಟ್ಟು ಹೋಗುತ್ತೇನೆಯೇ?

ಸ್ಮಶಾನದಲ್ಲಿ ನಮ್ಮ ಪದ್ಧತಿಯಂತೆ ಕೂರಿಸುವ ಗುಣಿ ತೋಡಿಸಿದ್ದರು. ಪೆಟ್ಟಿಗೆ ಅದರೊಳಗೆ ಹೇಗೆ ಇಳಿದೀತು? ಮೈದುನ ನಂಜುಂಡ ಪಟ್ಟು ಹಿಡಿದ. "ಅಣ್ಣನ್ನ ಕೂರಿಸ್ಲೇಬೇಕು ಅತ್ತಿಗೆ. ಅಂಗೈಯಾಗೆ ಲಿಂಗ ಇಡ್ದೆ ಹೆಂಗೆ ಕಳಿಸೋದು? ಪೆಟ್ಟಿಗೆ ಒಡೀರಿ" ಎಂದು ಸುತ್ತಿಗೆ ತರಿಸಿಯೇಬಿಟ್ಟ. ಎಲ್ಲರೂ ಕ್ರಿಯೆ ಮಾಡಿಸಲು ಬಂದಿದ್ದ ರುದ್ರಮುನಿ ಅಯ್ಯನವರ ಮುಖ ನೋಡಿದರು, ಅವರು ನೆಲ ನೋಡಿದರು. ಒಳಗೆ ಯಾವ ಸ್ಥಿತಿಯಲ್ಲಿದ್ದಾರೋ, ಮರಗಟ್ಟಿದ ಕಾಲನ್ನು ಇವರು ಏನು ಮಾಡಿ ಮಡಿಸುತ್ತಾರೋ ಎಂದುಕೊಂಡೆ. ಹೋಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತೆ.

"ಬೇಡ ನಂಜುಂಡ. ಅಂಗಡಿ ಗಾದಿ ಮೇಲೆ ಜೀವಮಾನ ಪೂರ್ತಿ ಕೂತೇ ಇದ್ರು. ಈಗಲಾದ್ರೂ ಮಲಗ್ಲಿ."

ಅಯ್ಯನವರು ತಲೆಯೆತ್ತಿ, "ತಾಯಿ ಹೇಳಿದಂಗೆ ಆಗ್ಲಿ. ಗುಣಿ ಉದ್ದ ಮಾಡ್ರಪ್ಪ" ಎಂದರು. ನಂಜುಂಡ ಸುತ್ತಿಗೆ ಬಿಸಾಡಿ ಗೋಡೆಯ ಕಡೆ ತಿರುಗಿ ಅತ್ತ. ಗುಣಿ ಉದ್ದವಾಗುವವರೆಗೆ ನಾವೆಲ್ಲ ಬಿಸಿಲಲ್ಲಿ ನಿಂತಿದ್ದೆವು. ಆಸ್ಪತ್ರೆಯವರು ನನ್ನ ಕೈಗೆ ಕೊಟ್ಟಿದ್ದ ಅವರ ಇಷ್ಟಲಿಂಗವನ್ನು ಮುಚ್ಚಳದ ಮೇಲೆ, ಎದೆಯಿರಬೇಕಾದ ಕಡೆ ಇಡಬೇಕೆಂದು ಅಯ್ಯನವರು ಹೇಳಿದರು. ಆದರೆ ತಲೆ ಯಾವ ಕಡೆಯೆಂದು ಯಾರಿಗೂ ಖಚಿತವಿರಲಿಲ್ಲ. ನಡುವೆ ಇಟ್ಟೆ. ಎಲ್ಲರೂ ಪತ್ರೆ, ವಿಭೂತಿ ಹಾಕಿ ಮಣ್ಣು ಎಳೆದೆವು.

ಅಂಗಡಿ ಮತ್ತೆ ತೆರೆದಿದೆ, ಶಿವರಂಜನ್ ಹೋಗುತ್ತಾನೆ. ನಾನು ಊಟ ಮಾಡುತ್ತೇನೆ, ಮಾತ್ರೆ ನುಂಗುತ್ತೇನೆ, ನನ್ನ ಚಿಂತೆ ಹಚ್ಚಿಕೊಳ್ಳಬೇಡ. ವಾಕರ್ ಬಿಟ್ಟು ನಡೆಯಲು ಅವಸರ ಮಾಡಬೇಡ. ಶಿವ ನಿನ್ನ ಕಾಲಿಗೆ ಬಲ ಕೊಡಲಿ, ನಿನ್ನ ಮನೆ ಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ಹಾಗೆ ಇಟ್ಟಿರಲಿ.

ನಿನ್ನ ಅಕ್ಕ,
ಉಮಾಮಹೇಶ್ವರಿ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ಮಗಳು ಬಿಂದು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಮಣ್ಣು ಮಾಡಿ ಮನೆಗೆ ಬಂದ ಮೇಲೆ, ಎಲ್ಲರೆದುರಿಗೆ, "ಡಾಕ್ಟ್ರು ಬೇಡ ಅಂದಿದ್ರಂತೆ. ಆದ್ರೂ ಅಪ್ಪನ್ನ ಎಳ್ಕೊಂಡು ಹೋದೆಯಲ್ಲಮ್ಮ, ಊರು ನೋಡೋ ಹುಚ್ಚು ಅಷ್ಟೊಂದಿತ್ತಾ ನಿಂಗೆ?" ಎಂದಳು. ಆ ಸಂಜೆಯೇ ಕೊಯಮತ್ತೂರಿಗೆ ಹೊರಟುಹೋದಳು. ಹುಚ್ಚು ಅವರದು ಸಂಗೀತಾ. ಆ ಕತ್ತಲೆ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಆ ಸಮುದ್ರವನ್ನು ನೋಡಿ ನೋಡಿ ಆಸೆ ಹತ್ತಿಸಿಕೊಂಡಿದ್ದರು. "ನಂದು ಅಂದ್ರೆ ಮಕ್ಳು ಬಿಡಲ್ಲ, ನಿನ್ನಾಸೆ ಅಂತ ಹೇಳು" ಎಂದರು, ಹೇಳಿದೆ. ಡಾಕ್ಟರ ಮಾತನ್ನು ನನಗೆ ತಿಳಿಸಿದ್ದು ವಿಮಾನ ಮೇಲೇರಿದ ಮೇಲೆ. ಇದನ್ನು ಬಿಂದುಗೆ ಹೇಳಿಬಿಟ್ಟೀಯ, ಖಂಡಿತ ಬೇಡ. ಅಪ್ಪನ ಮೇಲೆ ಸಿಟ್ಟು ಬಂದರೆ ಅವಳು ಯಾರ ಹತ್ತಿರ ಹೋಗಿ ಜಗಳವಾಡುತ್ತಾಳೆ? ನಾನಾದರೆ ಇದ್ದೇನೆ. ಅವಳು ಚಿಕ್ಕಮ್ಮನಿಗೆ ಫೋನ್ ಮಾಡುತ್ತಾಳೆಂದು ನನಗೆ ಗೊತ್ತು. ಸರಿಯಾಗಿ ಊಟ ಮಾಡುತ್ತಾಳಾ, ನಿದ್ದೆ ಬರುತ್ತದಾ, ಅಷ್ಟು ಕೇಳಿ ನನಗೆ ತಿಳಿಸು. ನಾನು ಕೇಳಿದೆನೆಂದು ಮಾತ್ರ ಹೇಳಬೇಡ.