ಹಾಲಿನ ಬಟ್ಟಲಲ್ಲಿ ಸೀಮೆಎಣ್ಣೆ

ಶಾಲುಬಾಯಿ,

ಈ ಕಾಗದವನ್ನು ಯಾವ ವಿಳಾಸಕ್ಕೂ ಹಾಕಲಾರೆ. ಆದರೂ ನಿಮಗೆ ಹೇಳಲೇಬೇಕು. ನೀವು ಭಾಲ್ಕಿ ಬಿಡುವಾಗ ನನಗೆ ಬಿಟ್ಟುಹೋದ ನಾಯಿ ಹೀರಾ ಇವತ್ತು ಮಧ್ಯಾಹ್ನ ಸೀಮೆಎಣ್ಣೆ ಕುಡಿದಿದೆ.

ತಪ್ಪು ನನ್ನದು. ನಾಯಿಯ ಮೈಮೇಲಿನ ಉಣ್ಣೆಹುಳು ಸಾಯಲೆಂದು ಇಲ್ಲಿಯವರು ಸವರುವಂತೆ ನಾನೂ ಸವರಲು ಹೋಗಿ, ಎಣ್ಣೆಯನ್ನು ಅದರ ಹಾಲಿನ ಬಟ್ಟಲಿಗೇ ಸುರಿದುಕೊಂಡೆ. ಅರಿವೆಯ ಚೂರು ತರುವಷ್ಟರಲ್ಲಿ ಹೀರಾ ಹಾಲೆಂದು ನಂಬಿ ನಾಲ್ಕಾರು ಸಲ ನೆಕ್ಕಿತ್ತು.

ಪಕ್ಕದ ಮನೆಯ ಗುಂಡಮ್ಮ ತಂಬಿಗೆಯಲ್ಲಿ ಉಪ್ಪುನೀರು ತಂದರು.

"ಲಗೂನ ಕುಡಸರಿ ಬಾಯಿ. ಕಕ್ಕಿದ್ರ ಪೂರಾ ಹೋಗ್ತದ."

ನಾನು ಹೀರಾಳ ದವಡೆ ಬಿಡಿಸಿ ಹಿಡಿದಿದ್ದೆ. ಅಷ್ಟರಲ್ಲಿ, ನಾನು ಹೇಳಿಕಳಿಸಿದ್ದ ದನದ ದವಾಖಾನೆಯ ಕಂಪೌಂಡರ್ ಪಂಢರಿ ಬಂದು ತಂಬಿಗೆ ಕಸಿದುಕೊಂಡರು.

"ಕಕ್ಕಸಬ್ಯಾಡ್ರಿ. ಬ್ಯಾರೆ ಏನರ ತಿಂದಿದ್ರ ವಿಚಾರ ಮಾಡಬಹುದಿತ್ತು. ಘಾಸಲೇಟ ಎಣ್ಣಿ ಮ್ಯಾಲ ಬರುವಾಗ ಉಸಿರಿನ ದಾರಿಗಿ ಇಳೀತದ. ಅದೇ ಕೊಲ್ತದ."

"ಹಂಗಾದ್ರ ಏನ್ ಮಾಡ್ಲಿರಿ?" ಎಂದೆ.

"ಸುಮ್ಮ ಕೂಡ್ರಿ. ಉಸಿರು ನೋಡ್ರಿ. ನಿಮ್ಮ ಹೆದರಿಕಿಗಿ ಅದನ್ಯಾಕ ಕಕ್ಕಸ್ತೀರಿ?"

ಸುಮ್ಮನೆ ಕೂತಿದ್ದೇನೆ. ಭಾಷೆಯ ಮೇಲೆ ರಾಜ್ಯಗಳನ್ನು ಹಂಚಿದಾಗ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ಶಾಲೆಯಲ್ಲಿ ಮರಾಠಿ ಕಲಿಸುವ ನಿಮ್ಮನ್ನು ಗಡಿಯಾಚೆಯ ರಾಜ್ಯಕ್ಕೆ ವರ್ಗ ಮಾಡಿದಾಗಲೂ ಹೀಗೆಯೇ ಕೂತಿದ್ದೆ. ನೀವು ಮೋಟಾರು ಹತ್ತುವಾಗ ನಾನು ಬಂದು ನಿಮ್ಮ ಹೊಸ ವಿಳಾಸ ಕೇಳಲಿಲ್ಲ. ಅಂದು ಸುಮ್ಮನಿರೆಂದು ನನಗೆ ಯಾರೂ ಹೇಳಿರಲಿಲ್ಲ.

ಹೀರಾ ಈಗ ಒಮ್ಮೆ ಕೆಮ್ಮಿತು. ಅದರ ಪಕ್ಕೆಯ ಮೇಲೆ ಎಡಗೈ ಇಟ್ಟುಕೊಂಡು, ಇನ್ನೊಂದು ಕೆಮ್ಮು ಬಾರದಿರಲೆಂದು ಕಾಯುತ್ತಿದ್ದೇನೆ.